ಗಣ್ಯರ ಕಾಲಂ

"ಅಲ್ಲೇ ನಿಂದ್ರಲೇ ಸೂಳಿಮಗನ! ಜೇಲಿನ ಹೊಲಸು ಕಾಲು ನನ್ನ ಅಂಗಳದಾಗ ಇಟ್ಟಿ ಅಂದ್ರ ನೋಡು!"

ಸುಭಾಷಗೌಡನ ಗಂಟಲು ಕೇಳಿ, ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಹನಮವ್ವನ ಕೈ ನಿಂತುಬಿಟ್ಟಿತು. ಕಿಂಡಿಯಿಂದ ಇಣುಕಿದಳು. ಅಂಗಳದ ಬಾಗಿಲಲ್ಲಿ, ಗೌಡನ ಮನೆಯವರು ಚಪ್ಪಲಿ ಬಿಡುವ ಜಾಗದಲ್ಲಿ, ಅವಳ ಗಂಡ ಕೊಟ್ರೇಶ ನಿಂತಿದ್ದ. ನಿಂತಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ನಾಲ್ಕು ವರ್ಷದ ಹಿಂದೆ, ತನ್ನ ಹೊಲದ ಬೋರಿನ ಪೈಪಿಗೆ ಬಾಯಿ ಹಚ್ಚಿ ನೀರು ಕುಡಿದಳೆಂದು ಕೊಟ್ರೇಶನ ಮುದಿ ತಾಯಿಯ ಬಾಯಿಗೆ ಗೌಡ ಚಪ್ಪಲಿಯಿಂದ ಬಾರಿಸಿದ್ದ. ಕೊಟ್ರೇಶ ಕೈಯಲ್ಲಿದ್ದ ಸಲಿಕೆಯನ್ನೇ ಬೀಸಿದ. ಗೌಡನ ತಲೆಗೆ ಆರು ಹೊಲಿಗೆ. ಕೊಟ್ರೇಶನಿಗೆ ಕೊಲೆಯತ್ನವೆಂದು ಏಳು ವರ್ಷ. ಚಪ್ಪಲಿಯ ಮಾತು ಯಾವ ಕಾಗದಕ್ಕೂ ಏರಲಿಲ್ಲ. ಈಗ ಧಾರವಾಡದ ಹೈಕೋರ್ಟು, ಕೊಲ್ಲುವ ಉದ್ದೇಶವಿರಲಿಲ್ಲ, ಇದು ಗಾಯ ಮಾಡಿದ ಅಪರಾಧವಷ್ಟೇ ಎಂದು, ಶಿಕ್ಷೆಯನ್ನು ಹೊಸದಾಗಿ ಗೊತ್ತುಮಾಡಲು ಗದಗಿನ ಕೋರ್ಟಿಗೆ ಕಳಿಸಿತ್ತು. ನಡತೆ ಒಳ್ಳೆಯದಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಮನೆಗೆ. ಇಲ್ಲದಿದ್ದರೆ ಮತ್ತೆ ಒಳಗೆ. ಆ ನಡತೆಯ ವರದಿ ಬರೆಯಲು ಕೋರ್ಟಿನಿಂದ ಬಂದ ಸಾಹೇಬರು, ಕೊಟ್ರೇಶನನ್ನೂ ಇಲ್ಲಿಗೇ ಕರೆಸಿ, ಗೌಡನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

"ಗಣ್ಯರ ಹೇಳಿಕಿ ಅಂತ ಒಂದು ಕಾಲಂ ಐತ್ರಿ ಗೌಡ್ರ. ಈ ಊರಾಗ ನಿಮ್ಮನ್ನ ಬಿಟ್ರ ಗಣ್ಯರು ಯಾರದಾರ್ರಿ?"

"ಬರಕೋರಿ. ಕುಡುಕ, ಉಡಾಳ. ಇಂವ ಊರಾಗಿದ್ರ ನನ್ನ ಜೀವಕ್ಕ ಧೋಕಾ ಐತಿ." ಗೌಡ ಹೇಳಿದ, ಸಾಹೇಬರು ಬರೆದರು, ಗೌಡ ಸಹಿ ಜಡಿದ.

"ಬಡಿಸ್ಕೊಂಡಾವ್ರೂ ಅವರ, ಗಣ್ಯರೂ ಅವರ ಏನ್ರಿ ಸಾಹೇಬ್ರ?" ಕೊಟ್ರೇಶ ಬಾಗಿಲಿಂದ ಕೇಳಿದ.

ಗೌಡ ನಕ್ಕ. "ಹನಮೀ! ಹೊರಗ ಬಾ."

ಬಂದಳು. ಮೊಣಕೈತನಕ ಸಗಣಿ. ಎಂಟು ದಿನದ ಹಿಂದೆ ಜಾಮೀನಿನ ಮೇಲೆ ಬಂದ ಗಂಡನಿಗೆ, ಪಕ್ಕದೂರು ಹಮ್ಮಿಗಿಯ ಶಾಲೆಯಲ್ಲಿ ಅಡಿಗೆ ಮಾಡುತ್ತೇನೆ ಎಂದಿದ್ದಳು. ಜೈಲಿಗೆ ನೋಡಲು ಹೋದಾಗಲೆಲ್ಲ ಅದನ್ನೇ ಹೇಳಿದ್ದಳು.

"ನೋಡ್ರಿ, ಇವನ ಹೆಂಡ್ತಿ. ನಾಕ ವರ್ಸ ನನ್ನ ರೊಟ್ಟಿ ತಿಂದಾಳ. ಗಂಡಂದು ನ್ಯಾಯ ಇದ್ದಿದ್ರ ನನ್ನ ಸಗಣಿ ಬಳೀತಿದ್ಲೇನು?"

ಕೊಟ್ರೇಶ ಅವಳ ಮುಖ ನೋಡಲಿಲ್ಲ. ಕೈ ನೋಡಿದ, ಆಮೇಲೆ ನೆಲ ನೋಡಿದ. ಬೈದಿದ್ದರೆ, ಎರಡು ಬಡಿದಿದ್ದರೆ ಬದುಕಿಕೊಳ್ಳುತ್ತಿದ್ದಳು. ಚಪ್ಪಲಿ ಏಟು ತಿಂದ ಅತ್ತೆಯ ಬಾಯಿಗೆ, ಆಕೆ ಸಾಯುವತನಕ, ತಾನು ಹಾಕಿದ್ದು ಇದೇ ಮನೆಯ ರೊಟ್ಟಿ. ಜೈಲಿಗೆ ಹೋದವನ ಹೆಂಡತಿಗೆ ಊರಲ್ಲಿ ಯಾರೂ ಕೆಲಸ ಕೊಟ್ಟಿರಲಿಲ್ಲ. ಗೌಡ ತಾನೇ ಕರೆದು ಕೊಟ್ಟಿದ್ದ. ಯಾಕೆ ಕೊಟ್ಟನೆಂಬುದು ಇವತ್ತು ತಿಳಿಯಿತು.

"ಖರೆ ಏನವಾ?" ಸಾಹೇಬರು ಕೇಳಿದರು.

"ಖರೆ ಐತ್ರಿ. ರೊಟ್ಟಿ ತಿಂದೀನಿ." ಅವಳು ಕಟ್ಟೆಯ ಹತ್ತಿರ ಬಂದಳು. "ನಮ್ಮತ್ತಿ ಬಾಯಿಗಿ ಚಪ್ಪಲ್ಲೆ ಹೊಡದದ್ದೂ ಖರೆ ಐತ್ರಿ. ನಾ ಅಲ್ಲೇ ಇದ್ನಿ. ಅದನ್ನೂ ಬರಕೋರಿ."

"ಅದಕ್ಕ ಇದರಾಗ ಜಾಗಾ ಇಲ್ಲವಾ. ಇದು ಗಣ್ಯರ ಕಾಲಂ."

"ಎಲ್ಲೈತ್ರಿ?"

ಸಾಹೇಬರು ಬೆರಳಿಟ್ಟು ತೋರಿಸಿದರು. ಹನಮವ್ವ ಬಗ್ಗಿ, ಗೌಡನ ಸಹಿಯ ಮೇಲೆಯೇ ಹಸಿ ಸಗಣಿಯ ಹೆಬ್ಬೆಟ್ಟು ಒತ್ತಿದಳು.

"ಏ ರಂಡಿ! ಕೋರ್ಟಿನ ಕಾಗದಾ!" ಗೌಡ ಎದ್ದ. ಅವನ ಕೈ ಚಪ್ಪಲಿಗಾಗಿ ಕಟ್ಟೆಯ ಕೆಳಗೆ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ.

ಗಂಡನ ಮುಖ ನೋಡುವ ಧೈರ್ಯ ಹನಮವ್ವನಿಗೆ ಇನ್ನೂ ಬಂದಿರಲಿಲ್ಲ. ಬಾಗಿಲಲ್ಲಿದ್ದ ಅವನ ಕಾಲುಗಳನ್ನು ನೋಡಿದಳು. ಅವು ಗೌಡನ ಚಪ್ಪಲಿಗಳ ಮೇಲೆ ಊರಿ ನಿಂತಿದ್ದವು.