ಹೊರಗೆ ಬಾರದ ಉಸಿರು

ಭಾನುವಾರ ಬೆಳಿಗ್ಗೆ ಹುಳುಮನೆಗೆ ಬ್ಲೀಚಿಂಗ್ ಪುಡಿ ಎರಚಿ ಬಂದ ಗವಿಸಿದ್ದಯ್ಯನವರು ಜಗಲಿಯ ಮೇಲೆ ಕುಸಿದು ಕುಳಿತರು. ಕೋಡಿಹಳ್ಳಿಯಲ್ಲಿ ಹರೆಯದಿಂದಲೂ ರೇಷ್ಮೆಹುಳು ಸಾಕಿದವರು. ಉಬ್ಬಸ ಅವರಿಗೆ ಹೊಸದಲ್ಲ. ಹಿಂದಿನ ದಿನ ಮಗ ರುದ್ರಪ್ರಸಾದ ಊರಿನ ನರಸಯ್ಯನ ಅಂಗಡಿಯಿಂದ ತಂದಿದ್ದ ಹೊಸ ಇನ್‌ಹೇಲರ್ ಪಂಪನ್ನು ಬಾಯಿಗಿಟ್ಟು ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಏನೂ ಆಗಲಿಲ್ಲ.

"ಉಸ್ರು ಒಳಿಕ್ಕೆ ಹೋಯ್ತದೆ ಕಣವ್ವ, ಆಚೆಗೇ ಬತ್ತಾ ಇಲ್ಲ," ಎಂದರು ಮಗಳು ಉಮಾಮಹೇಶ್ವರಿಗೆ. ಅವರಾಡಿದ ಕೊನೆಯ ಮಾತು ಅದು.

ಪಕ್ಕದ ಮನೆಯವರ ಕಾರಿನಲ್ಲಿ ಕನಕಪುರದ ಆಸ್ಪತ್ರೆಗೆ ಸಾಗಿಸಿದರು. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಬಂದ ನರ್ಸ್, "ಪೇಷೆಂಟ್ ಎಕ್ಸ್‌ಪೈರ್ ಆದ್ರು," ಎಂದಳು.

ಉಮಾ ಕನಕಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಎಕ್ಸ್‌ಪೈರ್ ಎಂಬ ಆ ಕ್ರಿಯಾಪದವನ್ನು ಹಿಂದಿನ ವಾರವಷ್ಟೇ ಹುಡುಗಿಯರಿಗೆ ಬಿಡಿಸಿ ಹೇಳಿದ್ದಳು. ಲ್ಯಾಟಿನ್ನಿನಿಂದ ಬಂದದ್ದು, ಮೂಲದಲ್ಲಿ ಉಸಿರನ್ನು ಹೊರಗೆ ಬಿಡುವುದು ಎಂದಷ್ಟೇ ಅರ್ಥ. ಆಮೇಲೆ ಕೊನೆಯ ಉಸಿರು ಬಿಡುವುದಕ್ಕೂ ಅದೇ ಮಾತಾಯಿತು. ಈಗ ಲೈಸೆನ್ಸು, ಬಸ್ ಪಾಸು, ಮಾತ್ರೆಗಳ ಅವಧಿ ಮುಗಿದರೂ ಅದನ್ನೇ ಅನ್ನುತ್ತೇವೆ. ಅಪ್ಪನ ತಣ್ಣಗಾದ ಪಾದ ಹಿಡಿದು ಕೂತಾಗ ಇದೆಲ್ಲ ಅವಳಿಗೆ ನೆನಪಾಯಿತು.

ಮಣ್ಣು ಮಾಡಿ ಬಂದ ಮೇಲೆ ಅಪ್ಪನ ದಿಂಬಿನ ಬಳಿ ಪಂಪಿನ ಡಬ್ಬಿ ಸಿಕ್ಕಿತು. ತಾರೀಖಿನ ಜಾಗದಲ್ಲಿ ಬೆಲೆಯ ಚೀಟಿ ಅಂಟಿಸಿತ್ತು. ಉಗುರಿನಿಂದ ಕೆರೆದಳು. ಔಷಧಿ ಎಕ್ಸ್‌ಪೈರ್ ಆಗಿ ವರ್ಷ ದಾಟಿತ್ತು.

ಆಸ್ಪತ್ರೆಗೆ ಒಯ್ದು ತೋರಿಸಿದಾಗ ಡಾಕ್ಟರು ಡಬ್ಬಿ ನೋಡಿದರು. "ಇದರಿಂದಲೇ ಸತ್ತರು ಅಂತ ನಾನು ಹೇಳೋಕಾಗಲ್ಲ. ಆದರೆ ಇದನ್ನ ಮಾರಿದ್ದು ತಪ್ಪು," ಎಂದರು.

"ಬುಡಕ್ಕ," ಎಂದ ಮನೆಯಲ್ಲಿ ರುದ್ರಪ್ರಸಾದ. "ನರಸಯ್ಯಣ್ಣ ನಮಗೆ ಬೇಕಾದೋರು. ಜಗಳ ಆಡುದ್ರೆ ಅಪ್ಪ ಎದ್ದು ಬಂದಾರಾ?"

ಉಮಾ ಡಬ್ಬಿಯನ್ನು ಎತ್ತಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನರಸಯ್ಯನ ಮೆಡಿಕಲ್ ಶಾಪಿನ ಮುಂದೆ ನಾಲ್ಕಾರು ಜನ ನಿಂತಿದ್ದರು. "ಬಾರವ್ವ ಉಮಾ. ಅಪ್ಪಾರಿಗೆ ಹಿಂಗಾಗ್ಬಾರ್ದಿತ್ತು," ಎಂದ ನರಸಯ್ಯ.

ಅವಳು ಡಬ್ಬಿಯನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿದಳು. "ಎಕ್ಸ್‌ಪೈರ್ ಅಂದ್ರೇನು, ಹೇಳಿ."

ಅವನು ಡಬ್ಬಿ ನೋಡಿ ದನಿ ತಗ್ಗಿಸಿದ. "ಡೇಟ್ ಮುಗಿಯೋದು. ಅದು ಕಂಪ್ನಿಯೋರು ಸುಮ್ಕೆ ಹಾಕೋದು ಕಣವ್ವ. ಒಸಿ ಆಚೆ ಈಚೆ ಆದ್ರೂ ಏನೂ ಆಗಕಿಲ್ಲ."

"ಏನೂ ಆಗಕಿಲ್ವಾ? ಎಕ್ಸ್‌ಪೈರ್ ಅಂದ್ರೆ ಉಸ್ರು ಆಚೆ ಬುಡೋದು, ನರಸಯ್ಯಣ್ಣ! ನಮ್ಮಪ್ಪಂಗೆ ಅದೊಂದೇ ಆಗ್ದೆ ಹೋಯ್ತು. ಒಳಗಿನ ಉಸ್ರು ಆಚೆ ಬರ್ಲಿ ಅಂತ ನಿಮ್ಮನ್ನ ನಂಬಿ ಈ ಪಂಪ್ ಒತ್ಕೊಂಡ್ರು. ಚೀಟಿ ಯಾಕೆ ಅಂಟ್ಸಿದ್ರಿ? ಏನೂ ಆಗಲ್ಲ ಅಂದ್ರೆ ಮುಚ್ಚಿಟ್ಟಿದ್ ಯಾಕೆ?"

"ವಯಸ್ಸಾಗಿತ್ತಲ್ಲವ್ವ..."

"ವಯಸ್ಸಿನ ಮಾತು ಎತ್ಬೇಡಿ!" ಅವಳ ಕೂಗಿಗೆ ರಸ್ತೆಯಾಚೆಯ ಹೋಟೆಲಿನವರೂ ಎದ್ದು ಬಂದರು.

ಮಗುವನ್ನು ಸೊಂಟಕ್ಕೆತ್ತಿಕೊಂಡು ನಿಂತಿದ್ದ ಹಮೀದಾ ಆಗಷ್ಟೇ ಕೊಂಡಿದ್ದ ಜ್ವರದ ಸಿರಪ್ಪನ್ನು ಚೀಲದಿಂದ ತೆಗೆದು ತಿರುಗಿಸಿ ನೋಡಿದಳು. ಅದರ ಮೇಲೂ ಅಂಥದೇ ಚೀಟಿ. "ನೋಡಿ ಮೇಡಂ, ಇದ್ರಾಗೇನೈತೆ?" ಎಂದು ಕೈಗಿತ್ತಳು. ಉಮಾ ಚೀಟಿ ಕಿತ್ತು ತಾರೀಖನ್ನು ಗಟ್ಟಿಯಾಗಿ ಓದಿದಳು. ಅದೂ ದಾಟಿತ್ತು.

"ಮಗೀಗ್ ಕುಡ್ಸಕ್ ಕೊಟ್ಯಲ್ಲಯ್ಯಾ!" ಎಂದು ಹಮೀದಾ ನುಗ್ಗಿದಳು. ಜನ ಕೌಂಟರ್ ದಾಟಿ ಒಳಗೆ ಹೋಗಿ ಕಪಾಟು ಎಳೆದರು. ನರಸಯ್ಯ ಮೂಲೆಗೆ ಸರಿದು ಯಾರಿಗೋ ಫೋನು ಹಚ್ಚುತ್ತ ನಿಂತ. ಉಮಾ ಡ್ರಗ್ಸ್ ಇನ್ಸ್‌ಪೆಕ್ಟರಿಗೆ ಫೋನು ಮಾಡಿಸಿ, ಸಾಕ್ಷಿಯ ಔಷಧಿ ಯಾರೂ ಹೊರಗೆ ಒಯ್ಯದಂತೆ ಬಾಗಿಲಿಗೆ ಅಡ್ಡ ನಿಂತು, ಅವರು ಬರುವ ತನಕ ಕದಲಲಿಲ್ಲ.

ಅಂಗಡಿಗೆ ಬೀಗಮುದ್ರೆ ಬಿತ್ತು. ಕೇಸು ಇನ್ನೂ ನಡೆಯುತ್ತಿದೆ. ಆದರೆ ಮಳೆಗಾಲ ಮುಗಿಯುವ ಮೊದಲೇ ಅಲ್ಲೇ ಪಕ್ಕದ ಮಳಿಗೆಯಲ್ಲಿ ನರಸಯ್ಯನ ಭಾಮೈದನ ಹೆಸರಿನಲ್ಲಿ ಹೊಸ ಮೆಡಿಕಲ್ ಶಾಪು ಶುರುವಾಯಿತು. ಗಲ್ಲಾದಲ್ಲಿ ಕೂತವನು ನರಸಯ್ಯನೇ.

ರಜೆಯ ದಿನ ಊರಿಗೆ ಬಂದ ಉಮಾ ಅದನ್ನು ಕಂಡು ಮನೆಗೆ ಹೋಗಲಿಲ್ಲ. ನೇರವಾಗಿ ಅಂಗಡಿಯ ಮೆಟ್ಟಿಲ ಬಳಿ ನಿಂತಳು. ಔಷಧಿ ಕೊಂಡು ಇಳಿದ ಮುದುಕಿಯೊಬ್ಬಳನ್ನು ತಡೆದು, "ತತ್ತಾ ಅಜ್ಜಿ, ಡೇಟ್ ನೋಡ್ಕೊಡ್ತೀನಿ," ಎಂದಳು.

"ಎಷ್ಟ್ ದಿನ ಅಂತ ಹಿಂಗೆ ನಿಂತ್ಕಂಡೀಯವ್ವ?" ಒಳಗಿನಿಂದ ನರಸಯ್ಯ ಗದರಿದ.

ಉಮಾ ತಿರುಗಿ ನೋಡಲಿಲ್ಲ. ಮಾತ್ರೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದತೊಡಗಿದಳು. ಅಷ್ಟರಲ್ಲಿ ಇನ್ನೊಬ್ಬರು ಮೆಟ್ಟಿಲಿಳಿದು ಬಂದು, ತಮ್ಮ ಪೊಟ್ಟಣವನ್ನೂ ಅವಳತ್ತ ಚಾಚಿದರು.