ಚಾಡಿ ಹೇಳಿದ ಮೂಳೆ

ಪ್ರೇಮಲೀಲಾ ಅವರ ತವರಿನಲ್ಲಿ ಹೆಂಗಸರಿಗೆ ಐವತ್ತೈದು ತುಂಬಿತೆಂದರೆ ಒಂದು ಬೆತ್ತದ ಕುರ್ಚಿ ಬರುತ್ತಿತ್ತು. ಅಜ್ಜಿ ಸೊಂಟ ಮುರಿದುಕೊಂಡ ಮೇಲೆ ಶುರುವಾದ ಪದ್ಧತಿ ಅದು. ಬಿಂದಿಗೆ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಕಾಫಿಯೂ ಕೂತಲ್ಲಿಗೇ. ಇಷ್ಟು ಜೋಪಾನ ಮಾಡಿದರೂ ದೊಡ್ಡಮ್ಮನ ಸೊಂಟ ಮುರಿಯಿತು, ಆಮೇಲೆ ತಾಯಿ ನೀಲಮ್ಮನದೂ ಮುರಿಯಿತು. ಜೋಪಾನ ಸಾಲದಾಯಿತು ಎಂದು ಎಲ್ಲರೂ ಕೊರಗಿದರೇ ಹೊರತು, ಕುರ್ಚಿಯ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲ.

ಈಗ ಐವತ್ತಾರರ ಪ್ರೇಮಲೀಲಾಗೆ ಒಂದೇ ಆಸೆ. ದಸರೆಗೆ ಕುವೆಂಪುನಗರದ ಪಾರ್ಕಿನಲ್ಲಿ ನಡೆಯುವ ಹೆಂಗಸರ ಕುಂಟೆಬಿಲ್ಲೆ ಪಂದ್ಯದಲ್ಲಿ ಆಡಬೇಕು. ಕೇಳಿ ಮಗ ಶಿವಕಿರಣ್ ಹೌಹಾರಿದ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಗಾದೆ ಬೇರೆ ಹೇಳಿದ. ಮೂಳೆಯ ಸ್ಕ್ಯಾನ್ ಆಗಲಿ, ಡಾಕ್ಟರು ಹೂಂ ಅಂದರೆ ಆಟ, ಇಲ್ಲವಾದರೆ ಕುರ್ಚಿ ಎಂದು ತೀರ್ಪು ಕೊಟ್ಟ.

ಪಾಪ, ಅವನಿಗೇನು ಗೊತ್ತು! ಬಟ್ಟೆ ಒಣಹಾಕುವ ನೆಪದಲ್ಲಿ ಅವನಮ್ಮ ಎರಡು ವರ್ಷದಿಂದ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು ದಿನಾ ಕುಂಟುತ್ತಿದ್ದರು.

ಡಾಕ್ಟರ್ ಸಮನ್ವಿತಾ ರಿಪೋರ್ಟನ್ನು ಎರಡೆರಡು ಸಲ ನೋಡಿದರು. ಎಡಸೊಂಟದ ಮೂಳೆ ವಯಸ್ಸಿಗೆ ತಕ್ಕಷ್ಟೇ ಇತ್ತು, ಬಲದ್ದು ಅದಕ್ಕಿಂತ ಎಷ್ಟೋ ಗಟ್ಟಿ. ದಿನಾ ಬಲಗಾಲಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪ್ರೇಮಲೀಲಾ ಸೆರಗು ತಿರುಚುತ್ತಾ ಮಗನೆದುರೇ ಎಲ್ಲ ಒಪ್ಪಿಕೊಂಡರು, ತವರಿನ ಕುರ್ಚಿಯ ಕಥೆಯನ್ನೂ ಹೇಳಿದರು.

ಡಾಕ್ಟರು ನಕ್ಕುಬಿಟ್ಟರು. ಭಾರ ಬಿದ್ದರೆ ಮೂಳೆ ಬಲಿಯುತ್ತದೆ, ಆದರೆ ಎಲ್ಲರದೂ ಒಂದೇ ಥರ ಅಲ್ಲ, ಕೆಲವರದು ಬೇಗ, ಕೆಲವರದು ಎಷ್ಟು ಕುಣಿದರೂ ನಿಧಾನ. ಆ ಗುಣದಲ್ಲಿ ಹುಟ್ಟಿನಿಂದ ಬಂದ ಜೀನುಗಳ ಪಾಲೂ ಇದೆ ಎಂದು ವಿವರಿಸಿದರು.

"ನಿಮ್ಮ ತವರಿನೋರ್ದು ಬೇಗ ಮಾತು ಕೇಳೋ ಮೂಳೆ ಇರ್ಬೇಕು ಕಣಮ್ಮ. ಕುಣಿದ್ರೆ ಗಟ್ಟಿಯಾಗುತ್ತೆ, ಕೂರಿಸಿದ್ರೆ ಸವೆಯುತ್ತೆ. ಧಾರಾಳವಾಗಿ ಆಡಿ. ಎಡಗಾಲಲ್ಲೂ ಆಡಿ."

ಪ್ರೇಮಲೀಲಾಗೆ ಅಲ್ಲೇ ಕುಂಟುವಷ್ಟು ಖುಷಿಯಾಯಿತು. ಮರುಕ್ಷಣವೇ ಎದೆ ಚುರುಕ್ ಎಂದಿತು. ಈಗ ತಮ್ಮ ಮನೆಯಲ್ಲೇ ಇರುವ ಅವ್ವನನ್ನು ಆ ಕುರ್ಚಿಯಲ್ಲಿ ಕೂರಿಸಿದವರು ತಾವೇ ಅಲ್ಲವೇ? ಮನೆಯಲ್ಲಿ ಈ ಮಾತು ಎತ್ತಬಾರದೆಂದು ದಾರಿಯುದ್ದಕ್ಕೂ ಮಗನಿಗೆ ಹೇಳಿದರು. ಅವನ ಬಾಯಿ ನಿಲ್ಲಬೇಕಲ್ಲ, ಗೇಟು ತೆಗೆಯುವಾಗಲೇ ಅಜ್ಜಿಗೆ ಎಲ್ಲ ಒದರಿಬಿಟ್ಟ.

ಎಪ್ಪತ್ತೊಂಬತ್ತರ ನೀಲಮ್ಮ ಮಗಳ ಕಣ್ಣಲ್ಲಿ ನೀರು ಕಂಡು ಕೈ ಹಿಡಿದುಕೊಂಡರು.

"ಪ್ರೀತಿಯಿಂದ್ಲೇ ಕೂರ್ಸಿದ್ರಿ ಬುಡು. ಈಗ ನಂಗೂ ಒಂದು ಮನೆ ಬರಿ."

ಪ್ರೇಮಲೀಲಾ ಅಂಗಳದಲ್ಲಿ ದೊಡ್ಡದೊಂದು ಚೌಕ ಎಳೆದರು. ನೀಲಮ್ಮ ವಾಕರ್ ಹಿಡಿದು ಮೆಲ್ಲಗೆ ಎದ್ದರು. ಶಿವಕಿರಣ್ ಬೇಡ ಎನ್ನಲು ಬಾಯಿ ತೆರೆದವನು ಬಾಯಿ ಮುಚ್ಚಿಕೊಂಡು ಅಜ್ಜಿಯ ಬೆನ್ನಿಗೆ ನಿಂತ. ಚೌಕದೊಳಗೆ ಎರಡೂ ಪಾದ ಊರಿ, ಹಿಮ್ಮಡಿಯನ್ನು ಒಂದಿಷ್ಟೇ ಎತ್ತಿ ಧಪ್ ಎಂದು ಇಟ್ಟು, ಅವರು ಮೊದಲು ಪಾದವನ್ನೂ ಆಮೇಲೆ ಮಗಳನ್ನೂ ನೋಡಿದರು.

"ಇನ್ನೊಂದು ಬರಿ" ಎಂದರು.