ಪಾಯಪ್ಪ ಉಂಡ ತುತ್ತು

ಪಾಯಪ್ಪ ಕ್ರೈಸ್ತ ದೀಕ್ಷಾಸ್ನಾನ ಪಡೆದನೆಂದು ತಿಳಿದಾಗ ಹುಟ್ಟೂರು ಆರಗದಲ್ಲಿ ಅವನ ಅಪ್ಪ ತಲೆಯ ಮೇಲೆ ನೀರು ಹೊಯ್ದುಕೊಂಡು, ಮಗ ಸತ್ತನೆಂದು ಸೂತಕ ಕಳೆದುಕೊಂಡನಂತೆ. ಆ ಸುದ್ದಿ ಮಿರಜಕ್ಕೆ ಬಂದಂದಿನಿಂದ ಹುಡುಗ ಉಪದೇಶಿ ಗುರುಬಸಪ್ಪನ ಮನೆಯಲ್ಲೇ ಉಳಿದುಕೊಂಡಿದ್ದ. ಹಗಲು ದವಾಖಾನೆಯಲ್ಲಿ ಔಷಧಿ ಕೂಡಿಸುವ ಕೆಲಸ ಕಲಿಯುತ್ತಿದ್ದ. ಸಂಜೆ ಗುರುಬಸಪ್ಪನ ಎದುರು ಕೂತು ಸತ್ಯವೇದ ಓದುತ್ತಿದ್ದ.

ಹೊಸದಾಗಿ ಕ್ರಿಸ್ತನ ಮಾರ್ಗಕ್ಕೆ ಬಂದ ಹುಡುಗರಿಗೆ ಪ್ರಾರ್ಥನೆ ಕಲಿಸಿ, ಅವರನ್ನು ಸಭೆಯೊಳಗೆ ಬೆರೆಸುವುದು ಗುರುಬಸಪ್ಪನ ಹೊಣೆ. ಅವನೂ ಹಾಗೆಯೇ ಬಂದವನು, ಸಾಂಗಲಿ ಪೇಟೆಯ ಲಿಂಗವಂತ ವ್ಯಾಪಾರಿಯ ಮಗ. ಆದರೆ ಯಾವ ಹುಡುಗನೂ ಪಾಯಪ್ಪನಷ್ಟು ಅವನ ಮನಸ್ಸಿಗೆ ಹತ್ತಿರವಾಗಿರಲಿಲ್ಲ. ಓದುವಾಗ ಹುಡುಗ ಒಂದೊಂದು ಮಾತಿಗೂ ತಡೆದು, "ಇದು ಖರೇನ ಹಿಂಗ ಐತೇನ್ರಿ ಕಾಕಾ?" ಎಂದು ಕೇಳುತ್ತಿದ್ದ. ಬೇರೆ ಯಾರೂ ಅಷ್ಟು ಕೇಳುತ್ತಿರಲಿಲ್ಲ.

ಹುಡುಗ ಬಿಡದೆ ಇದ್ದದ್ದು ಊಟದ ನೇಮ ಒಂದೇ. ಹೊತ್ತು ಮುಳುಗಿದ ಮೇಲೆ ಅವನು ಉಣ್ಣುತ್ತಿರಲಿಲ್ಲ, ಮಾಂಸ ಮುಟ್ಟುತ್ತಿರಲಿಲ್ಲ. ಜೈನರ ಮನೆಯಲ್ಲಿ ಹುಟ್ಟಿದವನು, ಒಂದು ಇರುವೆ ಕಾಲಡಿಗೆ ಬಂದರೂ ಪಕ್ಕಕ್ಕೆ ಸರಿಯುತ್ತಿದ್ದ.

ಯೇಸು ಹುಟ್ಟಿದ ನಾತಾಳ ಹಬ್ಬ ಹತ್ತಿರ ಬಂದಾಗ ಸಭೆಯ ಹಿರಿಯ ಭರಮಣ್ಣ ಮಾಸ್ತರ ಗುರುಬಸಪ್ಪನ ಮನೆಗೆ ಬಂದ. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಮಿಶನ್ ಶಾಲೆಯಲ್ಲಿ ಕಲಿತು ಅಲ್ಲೇ ಮಾಸ್ತರನಾದವನು.

"ಈ ವರ್ಷ ಹಬ್ಬದ ಅಡಿಗಿ ನಮ್ಮ ಮನಿಯಾಕಿ ಸಾವಂತ್ರವ್ವ ಮಾಡ್ತಾಳ," ಎಂದ. "ನಿಮ್ಮ ಹುಡುಗ ಪಂಕ್ತಿಗೆ ಬರ್ತಾನೋ ಇಲ್ಲೋ?"

"ಅವಗ ಮಾಂಸ ಸೇರೂದಿಲ್ಲ ಮಾಸ್ತರ."

"ಮಾಂಸ ಸೇರೂದಿಲ್ಲೋ, ಹೊಲ್ಯಾರ ಕೈದು ಸೇರೂದಿಲ್ಲೋ?" ಭರಮಣ್ಣನ ದನಿ ಏರಲಿಲ್ಲ. "ನಮ್ಮಪ್ಪ ಮಾಲಗಾಂವದಾಗ ಬೊಗಸಿ ಒಡ್ಡಿ ನೀರ ಕುಡದಾಂವ. ಮ್ಯಾಲಿಂದ ಹೊಯ್ತಿದ್ರು. ನಮ್ಮ ದೇವರ ಮನ್ಯಾಗೂ ನಾ ಅದನ್ನ ನೋಡಬೇಕೇನ್ರಿ?"

ಪಾಯಪ್ಪ ಭರಮಣ್ಣನ ಮನೆಯ ರೊಟ್ಟಿಯನ್ನು ಹಗಲಲ್ಲಿ ಸಂತೋಷದಿಂದ ಉಣ್ಣುತ್ತಾನೆ, ಕರೆದು ನೋಡ್ರಿ ಎಂದು ಗುರುಬಸಪ್ಪ ಹೇಳಬಹುದಿತ್ತು. ಹೇಳಲಿಲ್ಲ. ಮಾಸ್ತರನ ನೋವು ನಿಜವಾಗಿತ್ತು, ಅದರೆದುರು ರೊಟ್ಟಿಯ ಮಾತು ಸಣ್ಣದಾಗಿ ಕಂಡಿತು.

ಮರುದಿನ ಪಾಠದ ಹೊತ್ತಿಗೆ ಅವನು ಪುಸ್ತಕ ತೆರೆಯಲಿಲ್ಲ.

"ಪಾಯಪ್ಪಾ, ಹಬ್ಬದಾಗ ಒಂದ ತುತ್ತ ತಿನ್ನು. ಒಂದ. ನಾನೂ ನನ್ನ ದೀಕ್ಷಾಸ್ನಾನದ ದಿನ ಹಂಗ ತಿಂದೆ. ಆಮ್ಯಾಲೆ ಯಾರೂ ನನ್ನ ಮ್ಯಾಲ ಸಂಶಯ ಪಡಲಿಲ್ಲ."

"ಯೇಸುಸ್ವಾಮಿ ಇದನ್ನ ಕೇಳ್ಯಾನೇನ್ರಿ ಕಾಕಾ?"

"ನಾ ಕೇಳಾಕತ್ತೇನಿ."

"ಆತ್ರಿ," ಎಂದ ಪಾಯಪ್ಪ.

ಹಬ್ಬದ ಸಂಜೆ ಸಭೆಯ ಗುಡಿಯ ಅಂಗಳದಲ್ಲಿ ಕಂದೀಲು ಹಚ್ಚಿ ಎಲ್ಲರೂ ಸಾಲಾಗಿ ಕೂತರು. ಸಾವಂತ್ರವ್ವ ತಾನೇ ಮಾಂಸದ ಸಾರು ಬಡಿಸುತ್ತ ಬಂದಳು. ಪಾಯಪ್ಪನ ಎಲೆಯ ಮುಂದೆ ಅವಳ ಕೈ ತಡೆಯಿತು. ಅವನು ಗುರುಬಸಪ್ಪನ ಕಡೆ ನೋಡಿದ. ಗುರುಬಸಪ್ಪ ತಲೆಯಾಡಿಸಿದ. ಹುಡುಗ "ಹಾಕ್ರಿ ಅವ್ವಾರ" ಎಂದು, ಅನ್ನದೊಳಗೆ ಕಲಸಿ, ಕಣ್ಣು ಮುಚ್ಚಿ ನುಂಗಿದ. ಪಂಕ್ತಿಯಲ್ಲಿ ಯಾರೋ ಸಮಾಧಾನದಿಂದ ನಕ್ಕರು. ಅಷ್ಟರಲ್ಲಿ ಅವನು ಎದ್ದು ಗೋಡೆಯ ಹತ್ತಿರ ಓಡಿದ. ಕರುಳೇ ಕಿತ್ತು ಬರುವಂತೆ ವಾಂತಿ ಮಾಡಿಕೊಂಡ. ನಗು ನಿಂತಿತು.

ಗುರುಬಸಪ್ಪನಿಗೆ ಕೂತಲ್ಲಿಂದ ಏಳಲಾಗಲಿಲ್ಲ. ಸಾವಂತ್ರವ್ವ ಬಕೆಟ್ ಕೆಳಗಿಟ್ಟು ಓಡಿದಳು. ಹುಡುಗನ ಹಣೆ ಹಿಡಿದಳು, ಸೆರಗು ತೋಯಿಸಿ ಮುಖ ಒರೆಸಿದಳು. "ಯಾರ ಹೇಳಿದ್ರೋ ಯಪ್ಪಾ ನಿನಗ ತಿನ್ನಂತ?" ಎಂದಳು. ಪಾಯಪ್ಪ ಹೇಳಲಿಲ್ಲ. ಆದರೆ ಭರಮಣ್ಣ ತಿರುಗಿ ಗುರುಬಸಪ್ಪನನ್ನು ನೋಡಿದ, ಆಮೇಲೆ ತಾನೂ ತಲೆ ತಗ್ಗಿಸಿದ.

ಮನೆಗೆ ಬಂದ ಮೇಲೆ ಗುರುಬಸಪ್ಪನ ಹೆಂಡತಿ ಮುತ್ತವ್ವ ನೀರು ತಂದಿಟ್ಟು ಕೇಳಿದಳು: "ಲಗ್ನ ಆಗಿ ಇಷ್ಟ ವರ್ಷ ಆತು. ಮನ್ಯಾಗ ಒಮ್ಮಿನೂ ಮಾಂಸ ಮಾಡು ಅಂದಿಲ್ಲ ನೀವು. ನಿಮಗ ಸೇರಲಾರದ್ದನ್ನ ಆ ಹುಡುಗಗ ಯಾಕ ತಿನ್ನಿಸಿದ್ರಿ?"

ಅವನು ಗೋಡೆಗೆ ಒರಗಿ ಕೂತ. ತನ್ನ ದೀಕ್ಷಾಸ್ನಾನದ ದಿನ ಗಂಟಲಲ್ಲಿ ನಿಂತ ತುತ್ತನ್ನು ನೀರು ಕುಡಿದು ಇಳಿಸಿದ್ದು, ಪಾದ್ರಿ ಬೆನ್ನು ತಟ್ಟಿದ್ದು ನೆನಪಾಯಿತು. ಅದನ್ನು ಇಷ್ಟು ದಿನ ತನ್ನ ಗೆಲುವು ಎಂದುಕೊಂಡಿದ್ದ.

ಬೆಳಿಗ್ಗೆ ಪಾಯಪ್ಪ ಹಾಸಿಗೆ ಸುತ್ತುತ್ತಿದ್ದ.

"ತಪ್ಪಾತೋ ತಮ್ಮಾ," ಎಂದ ಗುರುಬಸಪ್ಪ. "ನಾ ಹೇಳಬಾರದಿತ್ತು."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಕಾಕಾ." ಹುಡುಗನ ದನಿ ಇನ್ನೂ ಕೂತಿತ್ತು. "ಅವ್ವನ್ನ ಬಿಟ್ಟು ಬಂದೆ. ಸ್ವಾಮಿ ಸಲವಾಗಿ ಬಂದೇನಿ ಅಂತ ತಡಕೊಂಡೆ. ನಿನ್ನೆ ತಿಂದದ್ದು ಮಾತ್ರ ನಿಮ್ಮ ಸಲವಾಗಿ. ಇನ್ನ ನೀವು ಏನ ಹೇಳಿದ್ರೂ, ಇದು ಸ್ವಾಮಿ ಮಾತೋ ನಿಮ್ಮ ಮಾತೋ ಅಂತ ನನಗ ತಿಳಿಯೂದಿಲ್ಲ."

"ಎಲ್ಲಿಗೆ ಹೋಗ್ತಿ?"

"ಸಾವಂತ್ರವ್ವ ಕರದಾರ್ರಿ. ಹೊತ್ತ ಮುಳಗೂದ್ರೊಳಗ ರೊಟ್ಟಿ ಬಡದು ಕೊಡ್ತೇನಿ ಅಂದಾರ."

ಅವನು ಭರಮಣ್ಣನ ಮನೆಗೇ ಹೋದ. ಮಾಸ್ತರನಿಗೆ ಉಪದೇಶ ಮಾಡಿ ಅಭ್ಯಾಸವಿರಲಿಲ್ಲ, ಅರ್ಥ ಹೇಳುವಾಗ ಅವನೇ ಅಲ್ಲಲ್ಲಿ ತಡವರಿಸುತ್ತಿದ್ದ. ಇಬ್ಬರೂ ಕೂಡಿ ಓದುತ್ತಾರೆಂದು ಗುರುಬಸಪ್ಪನ ಕಿವಿಗೆ ಬಿತ್ತು. ಭಾನುವಾರ ಪಾಯಪ್ಪ ಎದುರಾದರೆ ಕೈ ಮುಗಿದು, "ಆರಾಮ ಅದೀರೇನ್ರಿ ಕಾಕಾ?" ಎನ್ನುತ್ತಿದ್ದ, ಅಷ್ಟೇ. ಗುರುಬಸಪ್ಪನಿಗೆ ಆ ಮಾತು ಬೈದದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಬೇಸಿಗೆಯಲ್ಲಿ ಸಾಂಗಲಿವಾಡಿಯ ಗುರಲಿಂಗನೆಂಬ ತರುಣ ದೀಕ್ಷಾಸ್ನಾನ ಬೇಡಿ ಬಂದ. ಪಾದ್ರಿ ಅವನನ್ನು ಗುರುಬಸಪ್ಪನಿಗೇ ಒಪ್ಪಿಸಿದರು. ಹುಡುಗ ಉತ್ಸಾಹದಿಂದ ಕೇಳಿದ: "ನಾ ಏನೇನ ಬಿಡಬೇಕ್ರಿ? ಹೇಳ್ರಿ, ಇವತ್ತ ಬಿಡ್ತೇನಿ."

ಗುರುಬಸಪ್ಪ ಅವನ ಮುಂದೆ ಚಾಪೆ ಹಾಸಿದ. "ಕುಂದ್ರು," ಎಂದ. "ಮೊದಲ ನಿಮ್ಮ ಮನ್ಯಾಗ ಯಾರ್ಯಾರ ಅದಾರ, ಹೇಳು."